ಪಟ್ಟಾಭಿಷೇಕದ ಹಿಂದಿನ ಸಾಲು

ನಮ್ಮೂರಿನ ತಾಲ್ಲೂಕು ಕಚೇರಿಗೆ ಹತ್ತುವಾಗ ಕಾಲಿಗೆ ಸಿಗುವ ಒಂದು ಮೆಟ್ಟಿಲು ಇಳಿಯುವಾಗ ಸಿಗುವುದಿಲ್ಲ. ವರ್ಗವಾಗಿ ಬಂದ ಗುಮಾಸ್ತರು ಮೊದಲ ದಿನ ಬಿದ್ದೇ ಬೀಳುತ್ತಾರೆ. ನಮ್ಮವರು ಕಂಕುಳಲ್ಲಿ ಮಗು, ಕೈಯಲ್ಲಿ ಅರ್ಜಿ ಹಿಡಿದುಕೊಂಡೇ ಅದನ್ನು ದಾಟಿ ಇಳಿದುಬಿಡುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬರುವುದಕ್ಕೂ ಮುಂಚಿನ ಮಾತು ಅದು. ಯಾವುದೋ ಮಾಯದ ಸಿನಿಮಾದಲ್ಲಿ ರಾಕ್ಷಸ ಗವಿಗೆ ಹತ್ತಿದಾಗ ಇದ್ದ ಮೆಟ್ಟಿಲು ಅವನು ಇಳಿಯುವಾಗ ಇರಲಿಲ್ಲವಂತೆ. ಟಾಕೀಸಿನಲ್ಲಿ ಕೂತವರು ರಾಕ್ಷಸನ ಕೋರೆಹಲ್ಲು ನೋಡುತ್ತಿದ್ದರೇ ಹೊರತು ಅವನ ಕಾಲು ನೋಡಲಿಲ್ಲ. ಗುರುವಾರ ಸಿನಿಮಾ ಊರು ಬಿಟ್ಟಿತು, ತಪ್ಪು ಇಲ್ಲೇ ಉಳಿಯಿತು.

ಅದಕ್ಕೇ ನಮ್ಮಲ್ಲಿ ಸಿನಿಮಾ ನೋಡುವುದೆಂದರೆ ತಪ್ಪು ಹಿಡಿಯುವುದು. ರಾಜಕುಮಾರನ ಬಲತೋಳಿನಲ್ಲಿದ್ದ ತಾಯಿತ ಮುಂದಿನ ದೃಶ್ಯದಲ್ಲಿ ಎಡತೋಳಿಗೆ ಬಂದಿದ್ದರೆ, ಕಂಡವರು ಎದ್ದು ನಿಂತು "ತಪ್ಪು!" ಎಂದು ಕೂಗಬೇಕು. ಆಪರೇಟರ್ ಬಾಬಾಜಾನ್ ಸಾಹೇಬರು ಯಂತ್ರ ನಿಲ್ಲಿಸಿ, ದೀಪ ಹಾಕಿ, ಕಿಂಡಿಯಿಂದ ಮುಖ ಹೊರಗಿಟ್ಟು "ಏನ್ ತಪ್ಪು?" ಎಂದು ಕೇಳುತ್ತಾರೆ. ಕೂಗಿದವರು ಬಿಡಿಸಿ ಹೇಳಿದರೆ ಆಯಿತು, ತಪ್ಪು ಪರದೆಯ ಮೇಲೇ ಸಾಯುತ್ತದೆ. ಯಾರೂ ಕೂಗದಿದ್ದರೆ ಅದು ಎದ್ದು ಊರೊಳಗೆ ಬರುತ್ತದೆ. ಬಂದ ಮೇಲೂ ಸಿನಿಮಾ ಊರಲ್ಲಿರುವ ತನಕ ದಾರಿಯಿದೆ. ಅದೇ ದೃಶ್ಯ ಓಡುವಾಗ ಯಾರಾದರೂ ಎದ್ದು ಹೇಳಿದರೆ ಬಂದದ್ದು ಹೋಗುತ್ತದೆ. ಸಂಸಾರದ ಚಿತ್ರಗಳಿಂದ ಈ ಉಪದ್ರವವಿಲ್ಲ. ನಾಯಕಿಯ ಜಡೆ ಎಡದಿಂದ ಬಲಕ್ಕೆ ಹಾರಿದರೆ ಹಾರಲಿ, ಊರಿಗೇನೂ ಆಗದು. ಕುದುರೆಗೆ ರೆಕ್ಕೆ ಮೂಡುವ, ಹಾವು ಮಾತಾಡುವ ಚಿತ್ರಗಳದ್ದೇ ತಕರಾರು. ಅವನ್ನು ತರಿಸುವುದೇ ಬೇಡ ಎಂದು ಹಿಂದೊಮ್ಮೆ ಪುರಸಭೆಯಲ್ಲಿ ಗೊತ್ತುವಳಿಯಾಗಿತ್ತಂತೆ. ಕೆಲವು ವಾರ ಸಂಸಾರದ ಚಿತ್ರಗಳು ಓಡಿದವು, ಬೆಂಚಿನ ಮೇಲೆ ನಾಯಿಗಳು ಮಲಗಿದವು. ಕೊನೆಗೆ ಪುರಸಭೆಯ ಅಧ್ಯಕ್ಷರೇ ಹೋಗಿ ಮಾಯದ ಸಿನಿಮಾದ ಡಬ್ಬಿ ಹೊತ್ತು ತಂದರು.

ತಪ್ಪುಗಳೆಲ್ಲ ಕೆಟ್ಟವೇ ಆಗಿದ್ದರೆ ಊರು ನೆಮ್ಮದಿಯಾಗಿರುತ್ತಿತ್ತು. ಒಂದು ಸಲ ಕಡಲಿಗೆ ಬಿದ್ದ ರಾಜಕುಮಾರಿ ದಡಕ್ಕೆ ಬರುವಷ್ಟರಲ್ಲಿ ಅವಳ ಸೀರೆ ಒಣಗಿಹೋಗಿತ್ತು. ಯಾರೂ ಕೂಗಲಿಲ್ಲ. ಆ ವಾರವೆಲ್ಲ ಮಳೆಗಾಲದ ಮೋಡದಡಿಯಲ್ಲೂ ಒಗೆದ ಬಟ್ಟೆ ಹಿಂಡಿದ ಕೂಡಲೇ ಗರಿಗರಿಯಾಗುತ್ತಿತ್ತು. ಜನ ಖುಷಿಪಡುವುದು ಬಿಟ್ಟು ಲಾಂಡ್ರಿ ಹನುಮಂತಪ್ಪನ ಕಡೆ ನೋಡಿದರು. ಅವನು ಮುಂದಿನ ಬೆಂಚಿನಲ್ಲೇ ಕೂತಿದ್ದ. 'ಲಾಭ ಯಾರಿಗೋ, ಮುಚ್ಚಿದ ಬಾಯಿ ಅವರದು' ಎಂಬುದು ನಮ್ಮೂರ ಗಾದೆ. ನೋಡಿಯೂ ಸುಮ್ಮನಿದ್ದವರ ಹೊಸ್ತಿಲ ಹತ್ತಿರವೇ ತಪ್ಪು ಇಳಿಯುತ್ತದೆ ಎಂಬ ಮಾತೂ ಇದೆ. ಹೀಗಾಗಿ ಹೊಸ ಸಿನಿಮಾ ಬಂದ ಮರುದಿನ ಬೆಳಿಗ್ಗೆ ಇಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವ ರೀತಿಯೇ ಬೇರೆ. ಹಾಲಿನವನು ಹಾಲು ಅಳೆಯುತ್ತ ನಿಮ್ಮ ಕೈ ನೋಡುತ್ತಾನೆ, ನೀವು ಅವನ ಕಿವಿ ನೋಡುತ್ತೀರಿ. ನಾನು ಈ ಊರಿಗೆ ಬಂದಾಗ ಅನುಮಾನದ ಹೆಂಗಸಾಗಿರಲಿಲ್ಲ. ಈಗ ನನ್ನ ನೆರಳು ಕೂಡ ನನ್ನ ಹಿಂದೆ ಯಾಕೆ ಬರುತ್ತಿದೆ ಎಂದು ತಿರುಗಿ ನೋಡುತ್ತೇನೆ.

ನನ್ನ ಓರಗಿತ್ತಿ ವಿಶಾಲಾಕ್ಷಿಯಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ಊರಲ್ಲೇ ಇರಲಿಲ್ಲ. ನನ್ನ ಮೈದುನ ಓಂಕಾರಪ್ಪನ ಹೆಂಡತಿ ಅವಳು. ಮದುವೆಯಾಗಿ ಬಂದ ವರ್ಷವೇ 'ಏಳು ಹೆಡೆಯ ಕೋಟೆ' ಚಿತ್ರದ ಮೊದಲ ಭಾಗ ಬಂದಿತ್ತು. ಮಂತ್ರವಾದಿಯ ಮುಚ್ಚಿದ ಕಣ್ಣು ಎಡದಿಂದ ಬಲಕ್ಕೆ ಬದಲಾದದ್ದನ್ನು ಅವಳೊಬ್ಬಳೇ ಹಿಡಿದಳು. ಅವಳು ಕೂಗದಿದ್ದರೆ ಊರಿನಲ್ಲಿ ಯಾರ ಕಣ್ಣು ಏನಾಗುತ್ತಿತ್ತೋ. ಅಂದಿನಿಂದ ಅವಳು ಟಾಕೀಸಿಗೆ ಬಂದರೆ ಜನ ಎದ್ದು ಜಾಗ ಕೊಡುತ್ತಿದ್ದರು. ಓಂಕಾರಪ್ಪ ಕರೆಂಟಿನ ಲೈನ್‌ಮನ್. ಹೋದ ಬೇಸಿಗೆಯಲ್ಲಿ ಗಾಳಿಗೆ ಹರಿದ ತಂತಿ ಕಟ್ಟಲು ಕಂಬ ಹತ್ತಿದವನು ಜೀವಂತ ಇಳಿಯಲಿಲ್ಲ. ಆಮೇಲೆ ವಿಶಾಲಾಕ್ಷಿ ಟಾಕೀಸಿನ ಬೀದಿಗೇ ಕಾಲಿಡಲಿಲ್ಲ.

ಈ ವರ್ಷ ಏಳು ಹೆಡೆಯ ಕೋಟೆಯ ಕೊನೆಯ ಭಾಗ ಬಂತು. ಸಾವಿರ ಕುದುರೆ, ಹತ್ತು ಸಾವಿರ ಸೈನಿಕರು ಎಂದು ಗೋಡೆಗೆ ಅಂಟಿಸಿದ್ದರು. ಅಷ್ಟು ಜನರಿದ್ದಲ್ಲಿ ಎಷ್ಟು ತಪ್ಪುಗಳಿರಬೇಡ! ಪುರಸಭೆಯ ಮೆಂಬರ್ ಚನ್ನವೀರಪ್ಪನವರು ನಮ್ಮ ಜಗಲಿಗೆ ಬಂದು ಕೂತು, "ವಿಶಾಲಮ್ಮ ಬರ್ದಿದ್ರೆ ಊರ್ ಉಳಿಯಲ್ಲ" ಎಂದರು. ನನ್ನ ಗಂಡ ರುದ್ರೇಶ ಅಮ್ಮನ ಮುಖ ನೋಡಿದರು. ನಮ್ಮತ್ತೆ ಹಾಲಮ್ಮ, "ಹೋಗ್ಬರ್ಲಿ ಬಿಡು. ಮನೇಲಿ ಕೂತು ಗೋಡೆ ನೋಡೋದಕ್ಕಿಂತ ವಾಸಿ. ಪಂಕಜಾ, ನೀನೂ ಜೊತೆಗೋಗು" ಎಂದರು.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಹೋದೆವು. ಇಬ್ಬರ ನಡುವೆ ಹುರಿದ ಕಡಲೆಕಾಯಿಯ ಪೊಟ್ಟಣ. ವಿಶಾಲಾಕ್ಷಿಯ ಕಣ್ಣು ಒಂದು ವರ್ಷ ಕೂತು ಉಂಡರೂ ಮಂಕಾಗಿರಲಿಲ್ಲ. ರಾಣಿಯ ಬಳೆಯ ಬಣ್ಣ, ಬಿಳಿ ಕುದುರೆಯ ಹಣೆಯ ಮಚ್ಚೆ, ಉರಿದು ಬೂದಿಯಾದ ಹೆಬ್ಬಾಗಿಲು ಮತ್ತೆ ಮುಚ್ಚಿಕೊಂಡದ್ದು, ಒಂದೊಂದಕ್ಕೂ ಎದ್ದಳು, ಕೂಗಿದಳು. ಜನ ಚಪ್ಪಾಳೆ ಹೊಡೆದರು. ಯುದ್ಧ ಬಂತು. ಬಾಣದ ಮಳೆ ಸುರಿಯಿತು. ಬಾವುಟ ಹಿಡಿದ ಒಬ್ಬ ಸೈನಿಕನ ಎದೆಗೆ ಈಟಿ ನಾಟಿ, ಅವನು ಕಣ್ಣು ತೆರೆದುಕೊಂಡೇ ಕೆಳಗೆ ಬಿದ್ದ. ಹೀಗೆ ನೂರಾರು ಜನ ಬಿದ್ದರು. ಅವನೊಬ್ಬನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನನಗೂ ನೆನಪಿರಲಿಲ್ಲ, ಆಮೇಲೆ ಅವಳೇ ಹೇಳಿದ್ದು. ಯುದ್ಧ ಮುಗಿದು ಪಟ್ಟಾಭಿಷೇಕ ಶುರುವಾಯಿತು. ಕಹಳೆ, ಹೂಮಳೆ. ಆಗ ಪೊಟ್ಟಣದೊಳಗಿದ್ದ ವಿಶಾಲಾಕ್ಷಿಯ ಕೈ ತಟ್ಟನೆ ನಿಂತಿತು. ನಾನು ಪರದೆ ಬಿಟ್ಟು ಅವಳ ಕಡೆ ತಿರುಗಿದೆ. ಏಳುವವಳಂತೆ ಮೈ ಮುಂದಕ್ಕೆ ಬಂದಿತ್ತು, ಬಾಯಿ ತೆರೆದಿತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ ಬಾಯಿ ಮುಚ್ಚಿಕೊಂಡಳು.

"ಏನಾಯ್ತೇ?" ಎಂದೆ.

"ಏನಿಲ್ಲಕ್ಕ. ಸಿಪ್ಪೆ ಗಂಟಲಿಗೆ ಸಿಕ್ತು."

ಹೊರಗೆ ಬಂದ ಮೇಲೆ ಚನ್ನವೀರಪ್ಪನವರು ಕೈಮುಗಿದು, "ಎಲ್ಲ ಹಿಡಿದ್ಯಲ್ಲವ್ವ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಎಂದು ನನಗೆ ತಿಳಿಯಲಿಲ್ಲ. ನನ್ನ ತಲೆಗೆ ಹುಳ ಬಿಟ್ಟುಕೊಂಡದ್ದು ಆಗಲೇ.

ಶನಿವಾರ ಊರೆಲ್ಲ ಹುಡುಕಿಕೊಂಡಿತು. ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ ಮಚ್ಚೆ ನೋಡಿದರು, ಬಾವಿ ಇಣುಕಿದರು, ಕೋಳಿ ಎಣಿಸಿದರು. ಏನೂ ಬದಲಾಗಿರಲಿಲ್ಲ. ಭಾನುವಾರವೂ ಏನಿಲ್ಲ. ಬೇರೆ ಊರಾಗಿದ್ದರೆ ಜನ ಸಮಾಧಾನಪಡುತ್ತಿದ್ದರು. ನಮ್ಮವರು ಮಾತ್ರ, ಹತ್ತು ಸಾವಿರ ಸೈನಿಕರ ಸಿನಿಮಾದಿಂದ ಏನೂ ಬಂದಿಲ್ಲವೆಂದರೆ ಬಂದದ್ದನ್ನು ಯಾರೋ ಬಚ್ಚಿಟ್ಟುಕೊಂಡಿದ್ದಾರೆ ಎಂದು ತೀರ್ಮಾನಿಸಿದರು. ಅಕ್ಕಪಕ್ಕದವರು ಸಾರಿಗೆ ಉಪ್ಪು ಸಾಲ ಕೇಳುವ ನೆಪದಲ್ಲಿ ಅಡಿಗೆಮನೆಯವರೆಗೆ ಬಂದು ಹೋಗತೊಡಗಿದರು. ನಾನು ಅವರನ್ನು ನೋಡುತ್ತಿದ್ದೆ, ಅವರು ನಮ್ಮನ್ನು ನೋಡುತ್ತಿದ್ದರು.

ನಾನು ಎಲ್ಲರಿಗಿಂತ ಹೆಚ್ಚಾಗಿ ನೋಡಿದ್ದು ವಿಶಾಲಾಕ್ಷಿಯನ್ನು. ಒಂದು ವರ್ಷದಿಂದ ಪೆಟ್ಟಿಗೆಯಲ್ಲಿದ್ದ ಗಿಳಿಹಸಿರು ಸೀರೆ ಹೊರಗೆ ಬಂತು. ಕನ್ನಡಿಯ ಮುಂದೆ ನಿಂತು ಹಣೆಯ ಕೂದಲು ತಿದ್ದಿಕೊಂಡಳು. ದೇವಸ್ಥಾನಕ್ಕೆ ಎಂದು ಹೋದವಳು ಊಟದ ಹೊತ್ತು ಕಳೆದು ಬಂದಳು. ಬಂದವಳ ಮೈಯಿಂದ ತುಪ್ಪದ, ಬಾಳೆಲೆಯ ವಾಸನೆ. ತಲೆ ಬಾಚಿಕೊಡುವ ನೆಪ ಮಾಡಿ ಕೂರಿಸಿಕೊಂಡೆ. ಕೂದಲ ನಡುವೆ ಅಕ್ಷತೆಯ ಕಾಳು.

ತಲೆಯ ಮೇಲೆ ಅಕ್ಷತೆ ಬೀಳಬೇಕಾದರೆ ಏನಾಗಿರಬೇಕು? ಯಾರಿಗೂ ಹೇಳದೆ ಯಾರದೋ ಕೈ ಹಿಡಿದಳೇ? ಮಾಡಿಕೊಳ್ಳಲಿ, ವಯಸ್ಸು ಅಂಥದ್ದು, ನನಗೇನೂ ಸಂಕಟವಿಲ್ಲ. ಆದರೆ ಕದ್ದು ಯಾಕೆ? ಗಂಡ ಬಂದ ಮೇಲೆ ಕಿವಿಯಲ್ಲಿ ಹೇಳಿದೆ. ಅವರು ಸಿಡುಕಿದರು.

"ನಿನಗೆ ಅನುಮಾನದ ರೋಗ ಬಂದೈತೆ. ಗಂಡ ಸತ್ತೋಳು ಒಂದು ಒಳ್ಳೆ ಸೀರೆ ಉಟ್ರೆ ತಪ್ಪಾ?"

"ಸೀರೆ ತಪ್ಪಲ್ಲ. ಅಕ್ಷತೆ?"

ಅವರು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು.

ಸೋಮವಾರ ಅವಳು ಹೊರಟಾಗ ನಾನು ಹಿತ್ತಿಲ ಬಾಗಿಲಿನಿಂದ ಹೊರಟೆ. ಅವಳು ಅತ್ತಿತ್ತ ನೋಡದೆ ಬಸ್‌ಸ್ಟ್ಯಾಂಡ್ ಹಿಂದಿನ ಕಲ್ಯಾಣಮಂಟಪಕ್ಕೆ ಹೋದಳು. ಬಾಗಿಲ ಮೇಲೆ ಬರೆದಿದ್ದ ಹೆಸರುಗಳು ನಮಗೆ ಸಂಬಂಧಪಟ್ಟವಲ್ಲ. ಸ್ವಂತ ತವರಿನ ಮದುವೆಗೆ ಬಂದವಳಂತೆ ಪನ್ನೀರು ಚಿಮುಕಿಸಿಕೊಂಡು ಒಳಗೆ ನಡೆದಳು. ನಾನು ಹಿಂದೆ ನುಗ್ಗಿದರೆ ಬಾಗಿಲಲ್ಲಿದ್ದ ಹೆಂಗಸು ಸಕ್ಕರೆ ಕೊಡುತ್ತ, "ಯಾರ ಕಡೆಯೋರು?" ಎಂದಳು. "ಗಂಡಿನ ಕಡೆ" ಎಂದುಬಿಟ್ಟೆ.

ವಿಶಾಲಾಕ್ಷಿ ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತು, ಮಂಟಪಕ್ಕೆ ಬೆನ್ನು ಹಾಕಿ, ಹಿಂದಕ್ಕೆ ನೋಡುತ್ತಿದ್ದಳು. ಅವಳ ನೋಟ ಹಿಡಿದು ನಾನೂ ನೋಡಿದೆ. ಕೊನೆಯ ಸಾಲಿನ ಹಿಂದೆ, ಕಂಬದ ಪಕ್ಕ, ನನ್ನ ಮೈದುನ ಓಂಕಾರಪ್ಪ ನಿಂತಿದ್ದ.

ಅದೇ ಖಾಕಿ ಅಂಗಿ. ಕೈಯಲ್ಲಿ ನೆಟ್ಟಗೆ ಹಿಡಿದ ಉದ್ದನೆಯ ಕೋಲು. ಮುಖದಲ್ಲಿ ಗಾಯವಿಲ್ಲ, ಕಲೆಯಿಲ್ಲ. ಎಲ್ಲರೂ ನೋಡುತ್ತಿದ್ದ ಕಡೆಯೇ ನೋಡುತ್ತಿದ್ದ, ಎಲ್ಲರೂ ನಕ್ಕಾಗ ನಗುತ್ತಿದ್ದ. ಗಟ್ಟಿಮೇಳ ಮೊಳಗಿ ಜನ ಅಕ್ಷತೆ ಎಸೆದಾಗ ಹಿಂದಿನವರು ಎಸೆದ ಕಾಳು ವಿಶಾಲಾಕ್ಷಿಯ ತಲೆಯ ಮೇಲೂ ಬಿದ್ದವು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಊಟಕ್ಕೆಂದು ಜನ ಎದ್ದು ಚದುರಿದರು. ಗುಂಪು ತೆಳುವಾದಂತೆ ಅವನೂ ತೆಳುವಾದ. ಕಂಬ ಮಾತ್ರ ಉಳಿಯಿತು.

ಹೊರಗೆ ಬಂದು ಅವಳ ರಟ್ಟೆ ಹಿಡಿದೆ. ಅವಳು ಬೆಚ್ಚಲಿಲ್ಲ. "ಹಿಂದೆ ಬರ್ತಿದೀಯ ಅಂತ ಗೊತ್ತಿತ್ತಕ್ಕ" ಎಂದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತೆವು.

"ನೋಡಿ ಸುಮ್ನಿದ್ದೆ, ಅಲ್ವೇನೇ?"

"ಬಾವುಟ ಹಿಡಿದೋನು ಯುದ್ಧದಲ್ಲಿ ಸತ್ತಿದ್ದ. ಪಟ್ಟಾಭಿಷೇಕದಲ್ಲಿ ನೋಡಿದ್ರೆ ಹಿಂದಿನ ಸಾಲಲ್ಲಿ ನಿಂತು ನಗ್ತಿದ್ದ. ಏಳಕ್ಕೆ ಹೋಗಿದ್ದೆ ಅಕ್ಕ, ಕೂಗ್ಬೇಕು ಅಂತಾನೆ ಬಾಯಿ ತೆಗ್ದಿದ್ದೆ. ಬಾಯಿ ಬರಲಿಲ್ಲ."

"ಊರಿಗೆ ಸತ್ತೋರನ್ನ ಕರ್ಕೊಂಬಂದ್ಯಲ್ಲೇ."

"ಊರಿಗೆಲ್ಲಿ ಬಂದ್ರು? ನಾಲ್ಕು ಜನ ಸೇರಿದ್ರೆ ಬರ್ತಾರೆ, ಚೆದುರಿದ್ರೆ ಹೋಗ್ತಾರೆ. ಶನಿವಾರ ಸಂತೇಲಿ ಕಂಡ್ರು. ಹಿಂದೆ ನಿಂತೋರ ಕಡೆ ಯಾರು ತಿರುಗಿ ನೋಡ್ತಾರೆ, ನಾನೊಬ್ಳೇ ನೋಡಿದ್ದು. ಆವತ್ತಿಂದ ಎಲ್ಲಿ ಜನ ಸೇರ್ತಾರೋ ಅಲ್ಲಿಗೆ ಹೋಗ್ತಿದೀನಿ." ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಆವತ್ತು ನನಗೆ ಮುಖ ತೋರಿಸ್ಲಿಲ್ಲ ಅಕ್ಕ. ಬಟ್ಟೇಲಿ ಸುತ್ತಿ ತಂದ್ರು, ಹಂಗೇ ಮಣ್ಣಿಗಿಟ್ರು. ಸುಟ್ಟೈತೆ, ನೋಡ್ಬಾರ್ದು ಅಂದ್ರು ಅತ್ತೆ. ಒಳಗಿದ್ದೋರು ಅವರೇನಾ ಅಂತ ನಾನು ಹೆಂಗೆ ನಂಬ್ಲಿ? ಒಂದು ವರ್ಷ ಬಾಗ್ಲಲ್ಲಿ ಸದ್ದಾದ್ರೆ ಸಾಕು, ಎದ್ದು ಕೂರ್ತಿದ್ದೆ."

"ಈಗ ನೋಡಿದ್ಯಲ್ಲ" ಎಂದೆ.

"ಎಲ್ಲಿ ನೋಡಿದೆ? ಪಕ್ಕದಿಂದ ನೋಡ್ದೆ. ಅವರು ಮದುಮಗಳ ಕಡೆ ನೋಡ್ತಾರೆ, ಸಂತೇಲಿ ತಕ್ಕಡಿ ಕಡೆ ನೋಡ್ತಾರೆ. ಎದುರಿಗೆ ಹೋಗೋಣ ಅಂದ್ರೆ ನಡುವೆ ಜನ. ನನ್ನ ಕಡೆ ತಿರುಗ್ತಿಲ್ಲ ಅಕ್ಕ. ಒಂದ್ಸಲ ತಿರುಗಿದ್ರೆ ನಾನೇ ಹೋಗಿ ಕೂಗ್ತೀನಿ. ಆಣೆಗೂ ಕೂಗ್ತೀನಿ. ಅತ್ತೆಗೆ ಮಾತ್ರ ಹೇಳ್ಬೇಡ."

ಹೇಳಲಿಲ್ಲ. ಆದರೆ ಗುಟ್ಟು ಹೊಟ್ಟೆಗೆ ಹೋದ ಮೇಲೆ ಮುಖಕ್ಕೆ ಬಾರದೆ ಇರುತ್ತದೆಯೇ? ಮಂಟಪದ ಬಾಗಿಲಲ್ಲಿ ಸಕ್ಕರೆ ಕೊಟ್ಟವಳು ಚನ್ನವೀರಪ್ಪನವರ ಸೊಸೆಯ ಅಕ್ಕನಂತೆ. ಲೈನ್‌ಮನ್ ಮನೆಯ ದೊಡ್ಡ ಸೊಸೆ ಸುಳ್ಳು ಹೇಳಿಕೊಂಡು ಮದುವೆಗೆ ನುಗ್ಗಿದ್ದಳು ಎಂಬ ಸುದ್ದಿ ಸಂಜೆಯೊಳಗೆ ನಮ್ಮ ಬೀದಿಗೆ ಬಂದಿತ್ತು. ವಿಶಾಲಾಕ್ಷಿಯ ಹೆಸರು ಯಾರೂ ಎತ್ತಲಿಲ್ಲ. ತಪ್ಪು ಹಿಡಿಯುವವಳ ಮೇಲೆ ಯಾರಿಗೆ ಅನುಮಾನ? ನಾನು ನಲ್ಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಕೊಡ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

ಮಂಗಳವಾರ ಹಿಂದಿನ ಬೀದಿಯಲ್ಲಿ ತೊಟ್ಟಿಲ ಶಾಸ್ತ್ರ. ಅತ್ತೆ ಹೋದರು. ನಾನು ಬೇಡವೆಂದು ಎಷ್ಟು ನೆಪ ಹೇಳಿದರೂ ಕೇಳಲಿಲ್ಲ, "ಕೂಸಿಗೆ ಹೆಸರಿಡೋದಕ್ಕೂ ಹೋಗ್ಬಾರ್ದೇನೇ?" ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ಹೋದ ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಅವರನ್ನು ತೋಳು ಹಿಡಿದು ಕರೆತಂದರು. ಜಗಲಿಯಲ್ಲಿ ಕೂತ ಅತ್ತೆ ನೀರು ಕುಡಿಯಲಿಲ್ಲ.

"ನನ್ನ ಮಗ ಬಂದಿದಾನೆ. ಅವರ ಮನೆ ನಡುಮನೇಲಿ ಹಿಂದ್ಗಡೆ ನಿಂತಿದ್ದ. ಓಂಕಾರಿ ಅಂತ ಕೂಗಿದೆ, ತಿರುಗ್ಲಿಲ್ಲ. ಕೈ ಹಿಡ್ಕೊಂಡೆ, ತೊಟ್ಟಿಲು ನೋಡ್ತಾ ನಿಂತಿದ್ದ, ನನ್ನ ಕಡೆ ನೋಡ್ಲಿಲ್ಲ." ಅವರ ಧ್ವನಿಯಲ್ಲಿ ಅಳುವಿರಲಿಲ್ಲ. "ಹೆಂಡ್ತಿಗೆ ಮುಖ ತೋರಿಸ್ಬೇಡಿ ಅಂದೋಳು ನಾನೇ. ಆ ಸಿಟ್ಟು ಅವನಿಗೆ."

ವಿಶಾಲಾಕ್ಷಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಆಮೇಲೆ ಊರು ನಮ್ಮ ಮನೆಗೆ ಬಂತು. ಚನ್ನವೀರಪ್ಪನವರು ಕೈಮುಗಿಯಲಿಲ್ಲ ಈ ಸಲ. "ಯಾರೋ ನೋಡಿ ಬಾಯಿ ಮುಚ್ಕೊಂಡಿದೀರಿ. ಯಾವ ದೃಶ್ಯ ಅಂತ ಹೇಳಿದ್ರೆ ನಮ್ಮ ಹುಡುಗ್ರು ಹೋಗಿ ಕೂಗ್ತಾರೆ. ಗುರುವಾರ ಮಧ್ಯಾಹ್ನದ ಆಟ ಆದ್ಮೇಲೆ ಡಬ್ಬಿ ಹೋಗುತ್ತೆ. ಆಮೇಲೆ ಇದು ಶಾಶ್ವತ. ಇವತ್ತು ನಿಮ್ಮನೆಯೋನು ಬಂದ, ನಾಳೆ ಯಾರ್ಯಾರೋ ಬಾಯಿ ಮುಚ್ಕೊಂಡ್ರೆ ಊರು ಏನಾಗ್ಬೇಕು?" ಮಾತಾಡಿದ್ದು ಎಲ್ಲರನ್ನೂ ಉದ್ದೇಶಿಸಿ, ನೋಡಿದ್ದು ನನ್ನೊಬ್ಬಳನ್ನು. ಅವರು ಹೋದ ಮೇಲೆ ಗುಂಪಿನ ಹಿಂದಿದ್ದ ಒಬ್ಬ ಹೆಂಗಸು ಉಳಿದಳು. ಅವಳ ಮಗಳು ಹೋದ ವರ್ಷ ಜ್ವರದಲ್ಲಿ ಹೋಗಿದ್ದಳು. ನನ್ನ ಕೈ ಹಿಡಿದು, "ಹೆಂಗ್ ಮಾಡಿದ್ರಿ ಅಂತ ನನಗೊಬ್ಬಳಿಗೆ ಹೇಳ್ರವ್ವ" ಎಂದು ಪಿಸುಗುಟ್ಟಿದಳು. ಕೈ ಬಿಡಿಸಿಕೊಂಡು ಒಳಗೆ ಹೋದೆ. ಒಳಗೆ ಗಂಡ ಕಾದಿದ್ದರು.

"ಖರೆ ಹೇಳು. ನೀನೇ ನೋಡಿ ಸುಮ್ನಿದ್ದೆಯಾ?"

ಇಷ್ಟು ವರ್ಷ ಜೊತೆಯಲ್ಲಿ ಉಂಡವರು ಹೀಗೆ ಕೇಳಿದರಲ್ಲ ಎಂದು ಕಣ್ಣು ತುಂಬಿತು. ಆದರೆ ಇವರ ಅನುಮಾನ ನನ್ನಿಂದಲೇ ಅಂಟಿದ್ದಲ್ಲವೇ? "ನೋಡಿದ್ರೆ ಕೂಗ್ತಿದ್ದೆ" ಎಂದೆ. ಅವರು ನಂಬಲಿಲ್ಲ.

ಬುಧವಾರ ಊರಿನ ಯುವಕರೆಲ್ಲ ಮೂರೂ ಆಟಕ್ಕೆ ಕೂತು ಕಂಡಕಂಡದ್ದಕ್ಕೆಲ್ಲ ಕೂಗಿದರು. ರಾಣಿಯ ಮೂಗುತಿ, ಕುದುರೆಯ ಬಾಲ, ಚಂದ್ರನ ಗಾತ್ರ. ಹತ್ತು ಸಾವಿರ ಶಿರಸ್ತ್ರಾಣಗಳ ನಡುವೆ ಒಂದು ಮುಖ ಯಾರ ಕಣ್ಣಿಗೂ ಬೀಳಲಿಲ್ಲ. ಟಾಕೀಸಿನಲ್ಲಿ ಜನ ಸೇರಿದ್ದರಿಂದ ಓಂಕಾರಪ್ಪ ಅಲ್ಲೂ ಹಿಂದೆ ಬಂದು ನಿಂತಿದ್ದನಂತೆ. ಯುವಕರು ಹೆದರಿ ಮುಂದಿನ ಬೆಂಚುಗಳಿಗೆ ಓಡಿದರಂತೆ.

ಅತ್ತೆ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಬುಧವಾರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ಬಂದು ಜನ ಸೇರಿದಾಗ ಮಗನ ಪಕ್ಕ ಅದನ್ನು ಹಿಡಿದು ನಿಂತು, ಜನ ಬಸ್ಸು ಹತ್ತಿದ ಮೇಲೆ ಹಾಗೇ ತಂದಿದ್ದರು. ಸಂಜೆ ವಿಶಾಲಾಕ್ಷಿ ಒರಳಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಅತ್ತೆ ಯಾರಿಗೆಂದಿಲ್ಲದೆ ಹೇಳಿದರು.

"ಸಿಟ್ಟಿದ್ರೆ ಇರ್ಲಿ ಬಿಡು. ಆದ್ರೆ ಯಾವಾಗ ನೋಡಿದ್ರೂ ನಿಂತೇ ಇರ್ತಾನಲ್ಲೇ. ತೊಟ್ಟಿಲ ಶಾಸ್ತ್ರದಲ್ಲೂ ನಿಂತೇ, ಬಸ್‌ಸ್ಟ್ಯಾಂಡಲ್ಲೂ ನಿಂತೇ. ಎಲ್ರೂ ಕೂತ್ಕೋತಾರೆ, ಉಣ್ತಾರೆ, ಏಳ್ತಾರೆ. ಇವನಿಗೆ ಒಬ್ರಾದ್ರೂ ಕೂತ್ಕೋ ಅನ್ನಲ್ವಲ್ಲ. ಮೊದ್ಲೇ ಕಂಬ ಹತ್ತಿ ಹತ್ತಿ ಮೊಣಕಾಲು ನೋಯ್ತಿತ್ತು ನನ್ನ ಮಗಂಗೆ."

ಒರಳಿನ ಸದ್ದು ನಿಂತಿತು. ವಿಶಾಲಾಕ್ಷಿ ಹಿಟ್ಟಿನ ಕೈಯಲ್ಲೇ ಎದ್ದು ಬುತ್ತಿಯ ಗಂಟು ಬಿಚ್ಚಿ ಅತ್ತೆಯ ಮುಂದಿಟ್ಟಳು.

ಗುರುವಾರ ಮಧ್ಯಾಹ್ನ ಅಂಗಡಿಗಳು ಮುಚ್ಚಿದವು. ಟಾಕೀಸಿನಲ್ಲಿ ಬೆಂಚು ತುಂಬಿ ನೆಲ ತುಂಬಿತು. ಸಿನಿಮಾದ ಮುಖ ನೋಡದ ನಮ್ಮತ್ತೆ ಕೂಡ ನನ್ನ ಗಂಡನ ತೋಳು ಹಿಡಿದು, ಹಳೆಯ ಕಾಲದ ಸೀರೆ ಉಟ್ಟು ಬಂದು ನಮ್ಮಿಬ್ಬರ ನಡುವೆ ಕೂತರು. ನಮ್ಮ ಸುತ್ತ ಒಂದು ಕೈ ಅಂತರ ಬಿಟ್ಟು ಕೂತ ಜನ ಪರದೆಯನ್ನು ಅರ್ಧ, ನಮ್ಮನ್ನು ಅರ್ಧ ನೋಡುತ್ತಿದ್ದರು. ನಾನು ತಿರುಗಿ ನೋಡಿದೆ. ಕೊನೆಯ ಗೋಡೆಯ ಹತ್ತಿರ ಓಂಕಾರಪ್ಪ ಕೋಲು ಹಿಡಿದು ನಿಂತಿದ್ದ. ಅವನ ಹತ್ತಿರ ಯಾರೂ ಕೂತಿರಲಿಲ್ಲ. ಪರದೆಯ ಬೆಳಕು ಅವನ ಮುಖದ ಮೇಲೆ ಬಣ್ಣ ಬದಲಿಸುತ್ತಿತ್ತು.

ಯುದ್ಧ ಶುರುವಾಯಿತು. ಈಗ ನನಗೆ ಗೊತ್ತಿತ್ತು, ಎಲ್ಲಿ ನೋಡಬೇಕೆಂದು. ಬಾವುಟದವನು ಬಿದ್ದ. ಇವಳು ಕೂಗುತ್ತಾಳೋ ಇಲ್ಲವೋ? ಆಣೆ ಮಾಡಿದ್ದಾಳೆ, ಆದರೆ ಗಂಡನ ಆಸೆಯ ಮುಂದೆ ಆಣೆ ಎಷ್ಟರದ್ದು? ಕೂಗದಿದ್ದರೆ ನಾನೇ ಕೂಗಬೇಕೋ? ಕೂಗಿದರೆ ನಾಳೆಯಿಂದ ಅವಳ ಮುಖ ಹೇಗೆ ನೋಡಲಿ? ಹೀಗೆ ಅಂದುಕೊಳ್ಳುತ್ತಿರುವಾಗಲೇ ವಿಶಾಲಾಕ್ಷಿ ಎದ್ದಳು. ಬಾಬಾಜಾನರು ಕಿಂಡಿಯಿಂದ ಮುಖ ಹಾಕಿದರು. ಅವಳು ಕೂಗಲಿಲ್ಲ. ಬೆಂಚುಗಳ ನಡುವೆ, ಕೂತವರ ಕಾಲು ದಾಟಿಕೊಂಡು ಹಿಂದಕ್ಕೆ ನಡೆದಳು.

"ಓಡಿಹೋಗ್ತಿದಾಳೆ!" ಎಂದು ಯಾರೋ ಅಂದರು. ಒಬ್ಬಿಬ್ಬರು ಎದ್ದರು. ಅವಳು ಬಾಗಿಲ ಕಡೆ ಹೋಗಲಿಲ್ಲ. ಸಂತೆಯಲ್ಲಿ, ಮದುವೆಯಲ್ಲಿ ಅವನ ಎದುರಿಗೆ ಜನ ಇರುತ್ತಿದ್ದರು. ಇಲ್ಲಿ ಎಲ್ಲರೂ ಹೆದರಿ ಜಾಗ ಬಿಟ್ಟಿದ್ದರು. ವಿಶಾಲಾಕ್ಷಿ ನೇರವಾಗಿ ಹೋಗಿ ಅವನ ಮುಂದೆ, ಪರದೆಗೆ ಬೆನ್ನು ಮಾಡಿ ನಿಂತಳು. ಅವಳು ಗಿಡ್ಡ. ಕಾಲುಬೆರಳ ಮೇಲೆ ನಿಂತು ಅವನ ನೋಟ ಎಲ್ಲಿತ್ತೋ ಅಲ್ಲಿಗೆ ತನ್ನ ಮುಖ ತಂದಳು.

ಪರದೆಯ ಮೇಲೆ ಕಹಳೆ ಮೊಳಗಿತು. ಹೂಮಳೆ ಸುರಿಯಿತು. ಅವನ ಮುಖದ ಮೇಲೆ ಹೊನ್ನಿನ ಬಣ್ಣದ ಬೆಳಕು ಬಿತ್ತು. ಅವನು ಅವಳನ್ನು ನೋಡಿದನೋ, ಅವಳ ಮೂಲಕ ಪಟ್ಟಾಭಿಷೇಕವನ್ನೇ ನೋಡುತ್ತಿದ್ದನೋ, ನನಗೆ ಅಷ್ಟು ದೂರದಿಂದ ತಿಳಿಯಲಿಲ್ಲ. ಅವಳು ಕೈಯೆತ್ತಿ ಅವನ ಹುಬ್ಬು, ಕೆನ್ನೆ, ಗಲ್ಲ ಒಂದೊಂದಾಗಿ ಮುಟ್ಟಿದಳು. ಆಮೇಲೆ ಹಿಂತಿರುಗದೆಯೇ, ಪರದೆಯ ಕಡೆ ಒಮ್ಮೆಯೂ ನೋಡದೆಯೇ ಕೂಗಿದಳು.

"ತಪ್ಪು!"

ಯಂತ್ರ ನಿಂತಿತು. ದೀಪ ಹತ್ತಲಿಲ್ಲ, ಬಾಬಾಜಾನರು ಅದನ್ನು ಹಾಕುವುದನ್ನೇ ಮರೆತಿರಬೇಕು. ಕತ್ತಲಲ್ಲಿ ಅವರ ದನಿ ಬಂತು. "ಏನ್ ತಪ್ಪು, ವಿಶಾಲಮ್ಮ?"

"ಎಡಗಡೆ, ಹಿಂದಿನ ಸಾಲಲ್ಲಿ, ಬಾವುಟ ಹಿಡ್ಕೊಂಡು ನಿಂತಿದಾರಲ್ಲ, ಅವರು."

"ಅವರಿಗೇನಾಯ್ತವ್ವ?"

"ಅವರು ತೀರ್ಕೊಂಡಿದ್ರು."

ಸಿನಿಮಾದ ಹತ್ತು ಸಾವಿರ ಸೈನಿಕರಲ್ಲಿ ಒಬ್ಬನಿಗೆ ಯಾರು 'ಅವರು' ಅನ್ನುತ್ತಾರೆ? ದೀಪ ಬಂತು. ವಿಶಾಲಾಕ್ಷಿ ಬರಿಯ ಗೋಡೆಯ ಮುಂದೆ ಕಾಲುಬೆರಳ ಮೇಲೆ ನಿಂತಿದ್ದಳು. ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೂರಿದಳು. ಚನ್ನವೀರಪ್ಪನವರು ಏನೋ ಹೇಳಲು ಎದ್ದವರು ಹಾಗೇ ಕೂತರು. ನನ್ನ ಗಂಡ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ಬಂದಳು. ಈ ಸಲ ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಬಂದು ಅತ್ತೆಯ ಪಕ್ಕ ಕೂತಳು. ಹಾಲಮ್ಮ ಮಂಜುಗಣ್ಣಿನಲ್ಲಿ ಹಿಂದಿನ ಗೋಡೆಯನ್ನು ಹುಡುಕುತ್ತಲೇ ಇದ್ದರು. ಕೊನೆಗೆ ಸೊಸೆಯ ಕೈ ತಡಕಿ ಹಿಡಿದುಕೊಂಡರು.

"ಕೂತನೇನೇ?"

"ಕೂತ್ರು, ಅತ್ತೆ."

ಬಾಬಾಜಾನರು ದೀಪ ಆರಿಸಿದರು. ಪಟ್ಟಾಭಿಷೇಕ ಇನ್ನೂ ಅರ್ಧ ಬಾಕಿಯಿತ್ತು. ನಾನು ವಿಶಾಲಾಕ್ಷಿಯ ಕಡೆ ತಿರುಗಲಿಲ್ಲ, ಪರದೆಯನ್ನೇ ನೋಡಿದೆ.